ಆಸ್ಟ್ರೇಲಿಯದ ಮರುಭೂಮಿಯಲ್ಲಿ ದಾರಿ ಬಲ್ಲವರು

ಆಸ್ಟ್ರೇಲಿಯ ಖಂಡದ ಭೂಪಟವನ್ನು ಬಿಡಿಸಿ ನೋಡಿದರೆ ಊರುಗಳ ಹೆಸರುಗಳೆಲ್ಲ ಕಡಲಂಚಿನಲ್ಲಿಯೇ ಒತ್ತೊತ್ತಾಗಿ ನಿಂತಿರುವುದು ಕಾಣುತ್ತದೆ. ನಡುಭಾಗ ಬಹುಮಟ್ಟಿಗೆ ಬರಿದು. ಭೂಗರ್ಭಶಾಸ್ತ್ರಜ್ಞನಾದ ಜೆ. ಡಬ್ಲ್ಯು. ಗ್ರೆಗರಿ ಎಂಬಾತನು 1906ರಲ್ಲಿ ಆ ನಡುನಾಡನ್ನು ಕುರಿತು ಬರೆದ ತನ್ನ ಗ್ರಂಥಕ್ಕೆ 'ಆಸ್ಟ್ರೇಲಿಯದ ಸತ್ತ ಹೃದಯ' ಎಂಬರ್ಥದ ಹೆಸರನ್ನಿಟ್ಟನು. ಆ ಹೆಸರು ನಾಲಗೆಗೆ ಹಿಡಿಸಿತು, ಬಹುಕಾಲ ನಿಂತಿತು. ಆದರೆ ಹೃದಯ ಸತ್ತಿದ್ದರೆ ದೇಹ ನಡೆಯುವುದೆಂತು? ಆ ಮರಳಿನಲ್ಲಿ ಸುಮಾರು 50,000 ವರ್ಷಗಳಿಂದ ಮನುಷ್ಯರು ಬಾಳಿದ್ದಾರೆಂಬುದು ಈಗ ನೆಲವನ್ನಗೆದು ಶೋಧಿಸುವವರಿಂದ ಗೊತ್ತಾಗಿರುವ ಸಂಗತಿ. ಈ ಹೊತ್ತು ನಾವು ವಿಚಾರ ಮಾಡಹೊರಟಿರುವುದು ಇಷ್ಟೆ: ಈ 'ಸತ್ತ' ನಾಡಿನಲ್ಲಿ ಪ್ರಯಾಣ ಮಾಡಿದ ಐರೋಪ್ಯರು ಯಾರ ತಿಳಿವಿನಿಂದ ಬದುಕಿದರು, ಯಾರ ತಿಳಿವನ್ನು ಕಡೆಗಣಿಸಿ ಸತ್ತರು?

ನೆಲದ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇವೆ. ನಡುನಾಡಿನ ಬಹುಭಾಗದಲ್ಲಿ ವರ್ಷಕ್ಕೆ ಹತ್ತು ಅಂಗುಲ ಮಳೆಯೂ ಬೀಳದು. ಬೀಳುವುದೂ ನಿಯಮವಿಲ್ಲದೆ, ಒಂದು ವರ್ಷ ಪ್ರವಾಹ, ಮುಂದೆ ಐದು ವರ್ಷ ಬರ. ಸಿಂಪ್‌ಸನ್ ಮರುಭೂಮಿಯಲ್ಲಿ ಕೆಂಪು ಮರಳಿನ ದಿಣ್ಣೆಗಳು ಸಾವಿರಕ್ಕೂ ಮೇಲ್ಪಟ್ಟು, ಒಂದರ ಮಗ್ಗುಲಲ್ಲಿ ಒಂದು, ಉತ್ತ ಹೊಲದ ಸಾಲುಗಳಂತೆ ಬಿದ್ದಿವೆ. ಕೆಲವು ನೂರು ಮೈಲಿಗೂ ಮೀರಿದ ಉದ್ದದವು. ನಕ್ಷೆಯಲ್ಲಿ ನೀಲಿಯಾಗಿ ಕಾಣುವ ಏರ್ ಸರೋವರವು ಹೆಚ್ಚಿನ ವರ್ಷಗಳಲ್ಲಿ ಬರಿಯ ಉಪ್ಪಿನ ಬಯಲು.

ಇಂಥ ನಾಡಿನ ಮಧ್ಯದಲ್ಲಿ ಒಂದು ಒಳಗಡಲು ಇದ್ದೇ ಇರಬೇಕೆಂದು ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಹಲವರು ನಂಬಿದ್ದರು. ಚಾರ್ಲ್ಸ್ ಸ್ಟರ್ಟ್ ಎಂಬ ಕ್ಯಾಪ್ಟನನು 1844ರಲ್ಲಿ ಅಡಿಲೇಡಿನಿಂದ ಹೊರಟಾಗ ಆ ಕಡಲಲ್ಲಿ ತೇಲಿಸಲೆಂದು ಒಂದು ದೋಣಿಯನ್ನೇ ಗಾಡಿಯ ಮೇಲೇರಿಸಿಕೊಂಡು ಹೋದನು. ಮರಳಿನ ಮೇಲೆ ದೋಣಿಯನ್ನೆಳೆದ ಈ ಚಿತ್ರವನ್ನು ನೆನೆದರೆ ನಗು ಬರುತ್ತದೆ. ಆದರೆ ಆತನು ಪಟ್ಟ ಪಾಡನ್ನು ಓದಿದ ಮೇಲೆ ನಗುವುದಕ್ಕಾಗುವುದಿಲ್ಲ. 1845ರ ಜನವರಿಯಿಂದ ಆರು ತಿಂಗಳ ಕಾಲ ಒಂದೇ ನೀರಿನ ಮಡುವಿನ ಬಳಿ ಸೆರೆಯಾಗಿ, ಮುಂದೆ ಹೋಗಲೂ ನೀರಿಲ್ಲದೆ, ಹಿಂದಿರುಗಲೂ ನೀರಿಲ್ಲದೆ ತಂಡ ಕುಳಿತಿತು. ಬಿಸಿಲಿಗೆ ಪೆನ್ಸಿಲುಗಳಿಂದ ಸೀಸದ ಕಡ್ಡಿ ಉದುರಿತೆಂದೂ, ಕೂದಲ ಬೆಳವಣಿಗೆ ನಿಂತು ಉಗುರು ಗಾಜಿನಂತೆ ಒಡೆಯುತ್ತಿತ್ತೆಂದೂ ಸ್ಟರ್ಟ್ ಬರೆದಿಟ್ಟಿದ್ದಾನೆ. ಆತನ ಉಪನಾಯಕ ಪೂಲ್ ಅಲ್ಲಿಯೇ ಮಡಿದನು. ಕಡಲು ಸಿಕ್ಕಲಿಲ್ಲ.

ಇದಕ್ಕೆ ನಾಲ್ಕು ವರ್ಷ ಮೊದಲೇ ದಕ್ಷಿಣದ ಕರಾವಳಿಯ ಗುಂಟ ಬೇರೊಂದು ಬಗೆಯ ಪ್ರಯಾಣ ನಡೆದಿತ್ತು. ಎಡ್ವರ್ಡ್ ಜಾನ್ ಏರ್ ಎಂಬಾತನು 1841ರಲ್ಲಿ ಪೂರ್ವದಿಂದ ಪಶ್ಚಿಮಕ್ಕೆ, ಒಂದು ನದಿಯೂ ಇಲ್ಲದ ಬಯಲಿನಂಚಿನಲ್ಲಿ ನಡೆದನು. ಕಡಲ ದಂಡೆಯ ಮರಳುದಿಣ್ಣೆಗಳ ಹಿಂಬದಿಯಲ್ಲಿ ಎಲ್ಲಿ ತೋಡಿದರೆ ಸಿಹಿನೀರು ಬರುವುದೆಂಬುದನ್ನು ಆತನಿಗೆ ತೋರಿಸಿಕೊಟ್ಟವರು ಅಲ್ಲಿನ ಮೂಲನಿವಾಸಿಗಳು. ಆತನ ಜೊತೆಗಾರ ಬ್ಯಾಕ್‌ಸ್ಟರನು ನಡುದಾರಿಯಲ್ಲಿ ಕೊಲೆಯಾದನು. ತಂಡದಲ್ಲಿದ್ದ ಇಬ್ಬರು ಮೂಲನಿವಾಸಿ ಯುವಕರು ಆಹಾರವನ್ನೂ ಬಂದೂಕಗಳನ್ನೂ ಎತ್ತಿಕೊಂಡು ಮರೆಯಾದರು. ಕೊನೆಗೆ ಏರನೊಡನೆ ಉಳಿದವನು ವೈಲಿ ಎಂಬ ಮೂಲನಿವಾಸಿ ತರುಣನೊಬ್ಬನೇ. ಇಬ್ಬರೂ ಕೂಡಿ ಜುಲೈ ತಿಂಗಳಲ್ಲಿ ಆಲ್ಬನಿಯನ್ನು ಮುಟ್ಟಿದರು. ನೀರನ್ನು ಕೇಳಿ ಪಡೆದು ಮುಂದುವರಿದ ಈ ಯಾತ್ರೆಯ ಪಾಠವನ್ನು ತರುವಾಯದವರು ಕಲಿತರೆ? ಇಪ್ಪತ್ತು ವರ್ಷಗಳಲ್ಲಿ ನಡೆದ ಬರ್ಕ್ ಮತ್ತು ವಿಲ್ಸರ ಕಥೆಯನ್ನು ಕೇಳಿದರೆ ಇಲ್ಲವೆಂದೇ ಹೇಳಬೇಕು.

1860ನೆಯ ಇಸವಿ ಆಗಸ್ಟ್ 20ನೆಯ ತಾರೀಖು ಮೆಲ್ಬೋರ್ನ್ ನಗರದ ರಾಯಲ್ ಪಾರ್ಕಿನಿಂದ, ಸುಮಾರು ಹದಿನೈದು ಸಾವಿರ ಜನರ ಜಯಘೋಷದ ನಡುವೆ, ಒಂದು ಮೆರವಣಿಗೆ ಹೊರಟಿತು. ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟುವುದು ಅದರ ಉದ್ದೇಶ. ವಿಕ್ಟೋರಿಯ ಸೀಮೆ ಚಿನ್ನದಿಂದ ಶ್ರೀಮಂತವಾಗಿದ್ದ ಕಾಲವದು; ನೆರೆಯ ದಕ್ಷಿಣ ಆಸ್ಟ್ರೇಲಿಯದ ಜಾನ್ ಮ್ಯಾಕ್‌ಡೂಲ್ ಸ್ಟೂವರ್ಟನು ತಮಗಿಂತ ಮೊದಲೇ ದಾಟಿಬಿಟ್ಟಾನೆಂಬ ಆತುರವೂ ಇತ್ತು. ಕುದುರೆಗಳು, ಗಾಡಿಗಳು, ಇಪ್ಪತ್ತು ಟನ್ನಿನಷ್ಟು ಸಾಮಾನು. ಅದರಲ್ಲಿ ಮೇಜು ಕುರ್ಚಿಗಳೂ ಒಂಟೆಗಳಿಗೆಂದು ಪೀಪಾಯಿಗಟ್ಟಲೆ ರಮ್ ಮದ್ಯವೂ ಸೇರಿದ್ದುವು. ನಾಯಕ ರಾಬರ್ಟ್ ಓಹಾರ ಬರ್ಕ್ ಐರ್ಲೆಂಡಿನವನು, ಪೊಲೀಸ್ ಸೂಪರಿಂಟೆಂಡೆಂಟು. ಧೈರ್ಯಕ್ಕೆ ಕೊರತೆಯಿರಲಿಲ್ಲ, ಮರುಭೂಮಿಯ ಅನುಭವ ಮಾತ್ರ ಎಳ್ಳಷ್ಟೂ ಇರಲಿಲ್ಲ.

ಈ ಮೆರವಣಿಗೆಯಲ್ಲಿ ನಮ್ಮ ದೇಶದ ಸಂಬಂಧವೂ ಉಂಟು. ತಂಡದ ಒಂಟೆಗಳಲ್ಲಿ ಇಪ್ಪತ್ತನಾಲ್ಕನ್ನು ಜಾರ್ಜ್ ಲ್ಯಾಂಡೆಲ್ಸ್ ಎಂಬ ಕುದುರೆ ವ್ಯಾಪಾರಿಯು ವಾಯವ್ಯ ಹಿಂದೂಸ್ಥಾನದಲ್ಲಿ ಕೊಂಡು ಕರಾಚಿಯಲ್ಲಿ ಹಡಗೇರಿಸಿ ತಂದಿದ್ದನು. ಅಂದಿನ ಕರಾಚಿ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ರೇವು. ಧಾರವಾಡ ಬೆಳಗಾವಿಗಳ ಕನ್ನಡಿಗರೂ ಅದೇ ಆಧಿಪತ್ಯದ ಪ್ರಜೆಗಳಾಗಿದ್ದರು. ಒಂಟೆಗಳೊಡನೆ ಬಂದ ಆಳುಗಳಲ್ಲಿ ದೋಸ್ತ್ ಮಹಮ್ಮದ್, ಈಸಾ ಖಾನ್, ಬೆಲೂಚ್, ಸಾಮ್ಲ ಎಂಬ ನಾಲ್ವರು ತಂಡದಲ್ಲಿ ನಡೆದರು. ಸಾಮ್ಲ ಹಿಂದೂ. ತಂಡದಲ್ಲಿ ಕೊಡುತ್ತಿದ್ದ ಮಾಂಸಾಹಾರ ತನ್ನ ಧರ್ಮಕ್ಕೆ ಸಲ್ಲದೆಂದು ಆತನು ಹೊರಟ ಕೆಲವೇ ದಿನಗಳಲ್ಲಿ ಬಿಡುಗಡೆ ಬೇಡಿ ಹೋದನು. ಮುಂದೆ ಆತನು ಏನಾದನೆಂಬುದು ನಮಗೆ ಗೊತ್ತಿಲ್ಲ. ಆದರೆ ಆ ದಂಡಿನಿಂದ ಸಕಾಲದಲ್ಲಿ ಹೊರಬಿದ್ದ ಬುದ್ಧಿವಂತರಲ್ಲಿ ಆತನೇ ಮೊದಲಿಗನೆಂದು ನಮಗೆ ಅನ್ನಿಸುತ್ತದೆ. ದೋಸ್ತ್ ಮಹಮ್ಮದನ ತೋಳನ್ನು ಮದವೇರಿದ ಗಂಡೊಂಟೆಯೊಂದು ಮುರಿದು ಹಾಕಿತು. ಆತನ ಗೋರಿ ಇಂದಿಗೂ ಡಾರ್ಲಿಂಗ್ ನದಿಯ ತೀರದ ಮೆನಿಂಡಿ ಎಂಬ ಊರಿನ ಬಳಿ ಇದೆ.

ಬರ್ಕ್ ಅವಸರದ ಮನುಷ್ಯ. ರಮ್ಮಿನ ವಿಷಯದಲ್ಲಿ ಜಗಳವಾಗಿ ಲ್ಯಾಂಡೆಲ್ಸ್ ಬಿಟ್ಟುಹೋದನು. ಬರ್ಕ್ ತಂಡವನ್ನು ಒಡೆದು ಕೆಲವರೊಡನೆ ಮುಂದಕ್ಕೆ ಧಾವಿಸಿದನು. ನವೆಂಬರಿನಲ್ಲಿ ಕೂಪರ್ ಹೊಳೆಯ ದಂಡೆಯನ್ನು ಸೇರಿ ಅಲ್ಲಿ ಬೀಡುಬಿಟ್ಟು, ಹಿಂದೆ ಬರಬೇಕಾದ ಸಾಮಗ್ರಿಗಾಗಿ ಕಾಯದೆ, ಡಿಸೆಂಬರ್ 16ರಂದು, ಅಂದರೆ ಆ ದೇಶದ ಕಡುಬೇಸಗೆಯಲ್ಲಿ, ಮತ್ತೆ ಹೊರಟನು. ಜೊತೆಗೆ ಮೋಜಣಿದಾರನಾದ ವಿಲ್ಸ್, ಜಾನ್ ಕಿಂಗ್, ಚಾರ್ಲ್ಸ್ ಗ್ರೇ. ಆರು ಒಂಟೆ, ಒಂದು ಕುದುರೆ, ಮೂರು ತಿಂಗಳ ಆಹಾರ. ಕಿಂಗ್ ಹಿಂದೂಸ್ಥಾನದಲ್ಲಿ ಸೈನಿಕನಾಗಿದ್ದು ಒಂಟೆಗಳ ಸಂಗಡ ಬಂದಿದ್ದವನು. ಬೀಡನ್ನು ಕಾಯಲು ನಿಂತ ಬ್ರಾಹೆ ಎಂಬಾತನಿಗೆ ಮೂರು ತಿಂಗಳು ಕಾಯುವಂತೆ ಅಪ್ಪಣೆಯಾಯಿತು.

ಸುಮಾರು ಏಳುನೂರು ಮೈಲಿ ನಡೆದು 1861ರ ಫೆಬ್ರವರಿಯಲ್ಲಿ ಅವರು ಉತ್ತರದ ಕೊಲ್ಲಿಯನ್ನು ಸಮೀಪಿಸಿದರು. ಹೊಳೆಯಲ್ಲಿ ಉಬ್ಬರವಿಳಿತ ಕಂಡಿತು, ನೀರು ಉಪ್ಪಾಗಿತ್ತು. ಆದರೆ ಕಾಂಡ್ಲ ಮರಗಳ ಕೆಸರನ್ನು ದಾಟಲಾರದೆ ಕಡಲನ್ನು ಕಣ್ಣಾರೆ ಕಾಣದೆಯೇ ಹಿಂದಿರುಗಿದರು. ಮರಳುವ ದಾರಿಯಲ್ಲಿ ಏಪ್ರಿಲ್ 17ರಂದು ಗ್ರೇ ಸತ್ತನು. ಗುಂಡಿ ತೋಡುವ ಶಕ್ತಿಯೂ ಉಳಿದಿರದ ಮೂವರು ಆತನನ್ನು ಮಣ್ಣುಮಾಡಲು ಒಂದು ದಿನವನ್ನು ಕಳೆದರು. ಏಪ್ರಿಲ್ 21ರ ಸಂಜೆ ಕೂಪರ್ ಬೀಡನ್ನು ತಲಪಿದಾಗ ಬೀಡು ಬರಿದಾಗಿತ್ತು. ನಾಲ್ಕು ತಿಂಗಳಿಗೂ ಮೀರಿ ಕಾದ ಬ್ರಾಹೆ ಅದೇ ದಿನ ಬೆಳಗ್ಗೆ, ಒಂಬತ್ತು ಗಂಟೆಗಳ ಹಿಂದೆ, ಹೊರಟುಹೋಗಿದ್ದನು. ಅಗೆಯಿರೆಂಬ ಸೂಚನೆಯನ್ನು ಒಂದು ಮರದ ಕಾಂಡದ ಮೇಲೆ ಕೆತ್ತಿದ್ದನು. ಅಗೆದಾಗ ಸ್ವಲ್ಪ ಆಹಾರವೂ ಒಂದು ಕಾಗದವೂ ದೊರೆತುವು.

ಮುಂದಿನದು ದುರ್ದೈವವೋ ಮೊಂಡುತನವೋ, ಶ್ರೋತೃಗಳೇ ತೀರ್ಮಾನಿಸಬೇಕು. ಬಂದ ದಾರಿಯನ್ನು ಬಿಟ್ಟು ಬರ್ಕ್ ನೈರುತ್ಯಕ್ಕೆ ಸುಮಾರು 150 ಮೈಲಿ ದೂರದ ಒಂದು ಪಶುಪಾಲಕರ ನೆಲೆಯತ್ತ ಹೊರಟನು. ತಾವು ಬಂದುಹೋದುದಕ್ಕೆ ಕಾಗದವನ್ನೇನೋ ಹೂಳಿಟ್ಟರು. ಆದರೆ ಮರದ ಮೇಲೆ ಹೊಸ ಗುರುತನ್ನು ಕೆತ್ತಲಿಲ್ಲ. ಮನಸ್ಸು ತಾಳದೆ ಬ್ರಾಹೆ ಮೇ ತಿಂಗಳಲ್ಲಿ ಮತ್ತೊಬ್ಬನೊಡನೆ ಬೀಡಿಗೆ ಹಿಂದಿರುಗಿ, ಮಣ್ಣು ತಾನು ಬಿಟ್ಟಂತೆಯೇ ಇದೆಯೆಂದು ನೋಡಿ, ಅಗೆಯದೆ ಹೊರಟುಹೋದನು.

ಕೂಪರ್ ಹೊಳೆ ಬರಡು ಪ್ರದೇಶವಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ಅದು ಯಾಂಡ್ರುವಾಂಡ್ರ ಎಂಬ ಜನರ ತವರು. ಮಡುಗಳಲ್ಲಿ ಮೀನು, ಹಕ್ಕಿ, ದಂಡೆಯಲ್ಲಿ ನಾರ್ಡೂ. ಈ ನಾರ್ಡೂ ಎಂಬುದು ನೀರಂಚಿನಲ್ಲಿ ಬೆಳೆಯುವ ಒಂದು ಬಗೆಯ ಜರಿಗಿಡ. ಅದರ ಗಟ್ಟಿಯಾದ ಬೀಜಕೋಶಗಳನ್ನು ಕುಟ್ಟಿ ಹಿಟ್ಟು ಮಾಡುವರು. ಯಾಂಡ್ರುವಾಂಡ್ರರು ಈ ಪರದೇಶಿಗಳಿಗೆ ಮೀನನ್ನೂ ನಾರ್ಡೂ ರೊಟ್ಟಿಯನ್ನೂ ಕೊಟ್ಟು ಸಲಹಿದರು. ಒಂದು ದಿನ ಅವರಲ್ಲೊಬ್ಬನು ಒಂದು ಮೇಣಬಟ್ಟೆಯನ್ನು ಎತ್ತಿಕೊಂಡನೆಂದು ಬರ್ಕ್ ಅವರ ತಲೆಯ ಮೇಲಿಂದ ಗುಂಡು ಹಾರಿಸಿದನು. ಮೀನು ತಂದವರ ಕೈಯಿಂದ ಬಲೆಯನ್ನು ಹೊಡೆದು ಬೀಳಿಸುವಂತೆ ಕಿಂಗನಿಗೆ ಹೇಳಿದನು. ಆ ಜನರು ದೂರ ಸರಿದರು. ಅನ್ನವಿಕ್ಕಿದ ಕೈಯನ್ನು ದೂಡಿದ ಮೇಲೆ ಉಳಿದುದು ತಾವೇ ಕುಟ್ಟಿಕೊಂಡು ತಿನ್ನುವುದು. ಹೊಟ್ಟೆ ತುಂಬ ತಿಂದರೂ ದೇಹ ದಿನದಿನಕ್ಕೆ ಕ್ಷೀಣಿಸಿತೆಂದು ವಿಲ್ಸ್ ತನ್ನ ದಿನಚರಿಯಲ್ಲಿ ಬೆರಗಿನಿಂದ ಬರೆದಿದ್ದಾನೆ. ಅದರ ಕಾರಣ ಬಹುಕಾಲದ ಮೇಲೆ ವಿಜ್ಞಾನಿಗಳಿಗೆ ತಿಳಿಯಿತು: ನಾರ್ಡೂವಿನಲ್ಲಿ ಥಯಾಮಿನ್ ಎಂಬ ಜೀವಸತ್ವವನ್ನು ನಾಶಮಾಡುವ ವಸ್ತುವೊಂದಿದೆ, ಕ್ರಮವರಿತು ಸಿದ್ಧಮಾಡದೆ ಅದನ್ನೇ ನೆಚ್ಚಿ ತಿಂದವನಿಗೆ ಬೆರಿಬೆರಿಯಂಥ ರೋಗ ಹಿಡಿಯುತ್ತದೆ. ಯಾಂಡ್ರುವಾಂಡ್ರ ಹೆಂಗಸರು ಅದನ್ನು ಹದಮಾಡುವ ಕ್ರಮವನ್ನು ಬಲ್ಲವರು. ಅವರ ಊಟದಲ್ಲಿ ಅದರ ಜೊತೆಗೆ ಮೀನು ಮಾಂಸಗಳೂ ಇದ್ದುವು. ಹಿಟ್ಟನ್ನು ಕಲಿತವರು ಅಡಿಗೆಯನ್ನು ಕಲಿಯಲಿಲ್ಲ.

ಜೂನ್ ಕೊನೆಯ ಹೊತ್ತಿಗೆ ವಿಲ್ಸನೂ ಅದರ ಹಿಂದೆಯೇ ಬರ್ಕನೂ ಸತ್ತರು. ಒಂಟಿಯಾದ ಕಿಂಗ್ ಯಾಂಡ್ರುವಾಂಡ್ರರನ್ನು ಹುಡುಕಿಕೊಂಡು ಹೋದನು. ಅವರಿಗಾಗಿ ಹಕ್ಕಿಗಳನ್ನು ಹೊಡೆದು ಕೊಟ್ಟನು. ಒಬ್ಬ ಹೆಂಗಸಿನ ತೋಳಿನ ಹುಣ್ಣನ್ನು ತೊಳೆದು ಔಷಧಿ ಹಚ್ಚಿದನು. ಅವರು ಆತನನ್ನು ತಮ್ಮವನಂತೆ ಇಟ್ಟುಕೊಂಡರು. ಬರ್ಕನ ಶವವಿದ್ದೆಡೆಗೆ ಅವರನ್ನು ಕರೆದೊಯ್ದಾಗ ಎಲ್ಲರೂ ಬಿಕ್ಕಿಬಿಕ್ಕಿ ಅತ್ತರೆಂದೂ ಶವದ ಮೇಲೆ ಸೊಪ್ಪುಸದೆಗಳನ್ನು ಮುಚ್ಚಿದರೆಂದೂ ಕಿಂಗನೇ ಹೇಳಿದ್ದಾನೆ. ತಮ್ಮ ತಲೆಯ ಮೇಲೆ ಗುಂಡು ಹಾರಿಸಿದವನಿಗಾಗಿ ಸುರಿದ ಕಣ್ಣೀರು ಅದು. ಸೆಪ್ಟೆಂಬರ್ 15ರಂದು ಆಲ್‌ಫ್ರೆಡ್ ಹೊವಿಟನ ಶೋಧಕ ತಂಡಕ್ಕೆ ಕಿಂಗ್ ಜೀವಂತನಾಗಿ ಸಿಕ್ಕಿದನು.

1863ರ ಜನವರಿಯಲ್ಲಿ ಮೆಲ್ಬೋರ್ನಿನಲ್ಲಿ ಬರ್ಕ್ ಮತ್ತು ವಿಲ್ಸರ ಅಸ್ಥಿಗಳಿಗೆ ರಾಜಮರ್ಯಾದೆಯ ಅಂತ್ಯಕ್ರಿಯೆ ನಡೆಯಿತು. ಸುಮಾರು ನಲವತ್ತು ಸಾವಿರ ಜನ ನೆರೆದರು. 1865ರಲ್ಲಿ ವಿಗ್ರಹವೂ ನಿಂತಿತು. ಯಾಂಡ್ರುವಾಂಡ್ರರಿಗೆ ದೊರೆತುದು ಹೊವಿಟ್ ಹಂಚಿದ ಕೆಲವು ಹಿತ್ತಾಳೆಯ ಎದೆಬಿಲ್ಲೆಗಳು. ಖಂಡವನ್ನು ದಾಟಿ ಜೀವಸಹಿತ ಮರಳಿದ ಯಶಸ್ಸು 1862ರಲ್ಲಿ ಸ್ಟೂವರ್ಟನಿಗೆ ದಕ್ಕಿತು. ಆತನ ದಾರಿಯನ್ನೇ ಬಹುಮಟ್ಟಿಗೆ ಅನುಸರಿಸಿ 1872ರಲ್ಲಿ ಅಡಿಲೇಡಿನಿಂದ ಉತ್ತರ ತೀರಕ್ಕೆ ಎರಡು ಸಾವಿರ ಮೈಲಿ ತಂತಿ ಹಾಕಿದರು.

ಬರ್ಕನ ದಂಡು ಹಾಳಾದರೂ ಒಂಟೆ ನಿಂತಿತು. ಥಾಮಸ್ ಎಲ್ಡರ್ ಎಂಬ ಧನಿಕನು 1866ರಲ್ಲಿ ನೂರಿಪ್ಪತ್ತಕ್ಕೂ ಹೆಚ್ಚು ಒಂಟೆಗಳನ್ನೂ ಮೂವತ್ತೊಂದು ಮಂದಿ ಒಂಟೆಯವರನ್ನೂ ಕರಾಚಿಯಿಂದ ಕರೆಯಿಸಿಕೊಂಡನು. ಮುಂದಿನ ಐವತ್ತು ವರ್ಷಗಳಲ್ಲಿ ಹೀಗೆ ಬಂದ ಒಂಟೆಯವರು ಎರಡು ಸಾವಿರಕ್ಕೆ ಕಡಮೆಯಿಲ್ಲ. ಬಲೂಚಿಗಳು, ಸಿಂಧಿಗಳು, ಪಂಜಾಬಿಗಳು, ಪಠಾಣರು ಎಲ್ಲರೂ ಆ ದೇಶದಲ್ಲಿ 'ಆಫ್ಘನ'ರಾದರು, ಇನ್ನೂ ಮೊಟಕಾಗಿ 'ಘಾನ'ರಾದರು. ತಂತಿಕಂಬ, ಗೋಧಿಹಿಟ್ಟು, ಉಣ್ಣೆಯ ಮೂಟೆ, ಗಣಿಯ ಯಂತ್ರ ಇವೆಲ್ಲವೂ ಒಂಟೆಯ ಬೆನ್ನ ಮೇಲೆ ನಡೆದುವು. ಬಲವಾದ ಗಂಡೊಂಟೆ ಅರ್ಧ ಟನ್ನಿನಷ್ಟು ಹೊರುತ್ತಿತ್ತು. 1890ರ ದಶಕದಲ್ಲಿ ಕೂಲ್‌ಗಾರ್ಡಿಯ ಚಿನ್ನದ ಗಣಿಗಳಿಗೆ ನೀರೂ ಹೀಗೆಯೇ ಹೋಯಿತು.

ಶೋಧಕರ ದಿನಚರಿಗಳನ್ನು ಈ ಕಣ್ಣಿನಿಂದ ತಿರುಗಿ ಓದಿದರೆ ಬೇರೊಂದು ಚರಿತ್ರೆ ಕಾಣುತ್ತದೆ. 1873ರಲ್ಲಿ ವಾರ್‌ಬರ್ಟನ್ ಹದಿನೇಳು ಒಂಟೆಗಳೊಡನೆ ಪಶ್ಚಿಮಕ್ಕೆ ಹೊರಟು, ಅವುಗಳನ್ನೇ ಕೊಂದು ತಿಂದು, ಎರಡೇ ಒಂಟೆಗಳೊಡನೆ ಪಾರಾದನು. ಸಾಲೇ, ಹಲೀಮ್ ಎಂಬ ಒಂಟೆಯವರು ಜೊತೆಗಿದ್ದರು, ನೀರು ಹುಡುಕಿ ಪ್ರಾಣ ಉಳಿಸಿದವನು ಚಾರ್ಲಿ ಎಂಬ ಮೂಲನಿವಾಸಿ ಹುಡುಗ. 1875ರಲ್ಲಿ ಅರ್ನೆಸ್ಟ್ ಗೈಲ್ಸ್ ಹದಿನೇಳು ದಿನ, 325 ಮೈಲಿ, ಒಂದು ಹನಿ ಹೊಸ ನೀರಿಲ್ಲದೆ ನಡೆದು ಚಿಲುಮೆಯೊಂದನ್ನು ಮುಟ್ಟಿದನು. ಎಮು ಹಕ್ಕಿಗಳ ಹೆಜ್ಜೆಯ ಜಾಡು ಹಿಡಿದು ಆ ಚಿಲುಮೆಯನ್ನು ಕಂಡವನು ಟಾಮಿ ಎಂಬ ಮೂಲನಿವಾಸಿ ತರುಣ. ಚಿಲುಮೆಗೆ ಹೆಸರು ಬಂದುದು ಮಾತ್ರ ವಿಕ್ಟೋರಿಯ ರಾಣಿಯದು.

ಕೇಳಿ ತಿಳಿಯುವುದನ್ನು ಬಿಟ್ಟು ಕಟ್ಟಿಹಾಕಿ ತಿಳಿಯುವ ಮಾರ್ಗವೂ ನಡೆಯಿತು. ವಾರ್‌ಬರ್ಟನನೇ ಅದಕ್ಕೆ ಕೈಹಾಕಿದ್ದನು. 1896ರಲ್ಲಿ ಹೊರಟ ಡೇವಿಡ್ ಕಾರ್ನೆಗಿ ಮೂಲನಿವಾಸಿಗಳನ್ನು ಹಿಡಿದು, ಉಪ್ಪುಮಾಂಸ ತಿನ್ನಿಸಿ ಬಾಯಾರಿಕೆ ಹೆಚ್ಚಿಸಿ, ನೀರಿನೆಡೆಗೆ ದಾರಿ ತೋರುವಂತೆ ಮಾಡಿದನು. ತನ್ನ ಪುಸ್ತಕದಲ್ಲಿ ಅದನ್ನು ಸಮರ್ಥಿಸಿಕೊಂಡೂ ಇದ್ದಾನೆ. 1906ರಲ್ಲಿ ಆಲ್‌ಫ್ರೆಡ್ ಕ್ಯಾನಿಂಗ್ ಎಂಬ ಸರ್ಕಾರಿ ಮೋಜಣಿದಾರನು ದನಗಳನ್ನು ಹೊಡೆದೊಯ್ಯುವ 1,150 ಮೈಲಿಯ ಮಾರ್ಗವನ್ನು ಗುರುತಿಸಲು ಹೊರಟಾಗ ಸರಪಳಿಗಳನ್ನು ಸಾಮಾನಿನ ಜೊತೆಯಲ್ಲಿಯೇ ಒಯ್ದಿದ್ದನು. ಹಿಡಿದವರ ಕೊರಳಿಗೆ ಸರಪಳಿ ಹಾಕಿ, ಅವರು ತೋರಿದ ನೀರಿನ ತಾಣಗಳಲ್ಲಿ ಸುಮಾರು ಐವತ್ತು ಬಾವಿಗಳ ದಾರಿ ಹುಟ್ಟಿತು. ಆತನ ತಂಡದ ಅಡಿಗೆಯವನಾದ ಎಡ್ವರ್ಡ್ ಬ್ಲೇಕನ ಮನಸ್ಸು ಒಪ್ಪಲಿಲ್ಲ. ಆತನು ಬಹಿರಂಗವಾಗಿ ದೂರಿತ್ತನು. 1908ರಲ್ಲಿ ವಿಚಾರಣೆಯ ಆಯೋಗ ಕುಳಿತಿತು. ಕ್ಯಾನಿಂಗ್ ನಿರ್ದೋಷಿಯೆಂದು ತೀರ್ಪಾಯಿತು. ಅಡಿಗೆಯವನ ಮಾತಿಗೆ ಎಷ್ಟು ತೂಕ! ಆದರೆ ನೀರು ಕಳೆದುಕೊಂಡವರು ಆ ತೀರ್ಪನ್ನು ಒಪ್ಪಲಿಲ್ಲ. ಬಾವಿಗಳಲ್ಲಿ ಹಲವನ್ನು ಅವರು ಕೆಡವಿದರು.

ಒಂಟೆಯವರ ಪಾಡೂ ಇದಕ್ಕಿಂತ ಬಹಳ ಮೇಲೆಂದು ಹೇಳುವಂತಿಲ್ಲ. ಮರೀ ಎಂಬ ಊರಿನಲ್ಲಿ ರೈಲುಹಾದಿಯ ಒಂದು ಕಡೆ ಬಿಳಿಯರು, ಇನ್ನೊಂದು ಕಡೆ ಒಂಟೆಯವರೂ ಮೂಲನಿವಾಸಿಗಳೂ. ಅವರಲ್ಲಿ ಬೇಜಾ ದರ್ವೇಶ್ ಎಂಬ ಬಲೂಚಿಯು 1896ರ ಕ್ಯಾಲ್ವರ್ಟ್ ಶೋಧಯಾತ್ರೆಯಲ್ಲಿ ತೋರಿದ ಧೈರ್ಯಕ್ಕೆ ಮೆಚ್ಚಿ ನಾಯಕ ವೆಲ್ಸ್ ತನ್ನ ದಿಕ್ಸೂಚಿಯನ್ನೇ ಕೊಟ್ಟನು. ಆದರೆ 1903ರ ಕಾಯಿದೆಯಿಂದ ಏಷ್ಯದಲ್ಲಿ ಹುಟ್ಟಿದವರಿಗೆ ಆ ದೇಶದ ಪೌರತ್ವದ ಬಾಗಿಲು ಮುಚ್ಚಿಹೋಯಿತು. 1920ರ ದಶಕದಲ್ಲಿ ಮೋಟಾರು ಲಾರಿಗಳು ಬಂದುವು. 1925ರಲ್ಲಿ ದಕ್ಷಿಣ ಆಸ್ಟ್ರೇಲಿಯವು ಒಂಟೆಗಳನ್ನು ಕೊಲ್ಲಲು ಅವಕಾಶ ಕೊಡುವ ಕಾಯಿದೆ ಮಾಡಿತು. ಸಾಕಿದ ಕೈಯಿಂದ ಕೊಲ್ಲಲಾರದೆ ಹಲವರು ಅವನ್ನು ಮರುಭೂಮಿಗೆ ಬಿಟ್ಟರು. ಇಂದು ಅಲ್ಲಿ ಕಾಡೊಂಟೆಗಳು ಲಕ್ಷಗಟ್ಟಲೆ. 1929ರಲ್ಲಿ ಆಲಿಸ್ ಸ್ಪ್ರಿಂಗ್ಸ್ ಊರಿಗೆ ರೈಲು ಬಂದಾಗ ಅದರ ಹೆಸರು 'ಘಾನ್' ಎಂದೇ ರೂಢಿಯಾಯಿತು. ಒಂಟೆಯವರ ಜೀವನವನ್ನು ಕಸಿದ ವಾಹನ ಅವರ ಹೆಸರನ್ನು ಹೊತ್ತು ಓಡಿತು.

ಇನ್ನು ಸಿಂಪ್‌ಸನ್ ಮರುಭೂಮಿಯ ಮಾತು ಉಳಿದಿದೆ. ಅದನ್ನು 1936ರಲ್ಲಿ ದಾಟಿದ ಮೊದಲ ಐರೋಪ್ಯ ಟೆಡ್ ಕೋಲ್ಸನ್. ಜೊತೆಗಾರ ಪೀಟರ್ ಐನ್ಸ್ ಎಂಬ ಮೂಲನಿವಾಸಿ. 1939ರಲ್ಲಿ ವಿದ್ವಾಂಸ ಮ್ಯಾಡಿಗನ್ ನಿಸ್ತಂತು ಯಂತ್ರವನ್ನು ಹೊರಿಸಿಕೊಂಡು ದಾಟಿದನು. ಒಂಟೆಗಳನ್ನು ನಡೆಸಿದವರಲ್ಲಿ ಬೇಜಾ ದರ್ವೇಶನ ಮಗನೂ ಇದ್ದನು. ಆದರೆ ಆ ದಿಣ್ಣೆಗಳ ನಡುವೆ ವಾಂಗ್ಕಂಗುರು ಎಂಬ ಜನರು ತಲೆತಲಾಂತರದಿಂದ ಸಂಸಾರ ಮಾಡಿದ್ದರು. ಅವರ ಆಧಾರ 'ಮಿಕಿರಿ' ಎಂಬ ಬಾವಿಗಳು: ದಿಣ್ಣೆಗಳ ನಡುವಣ ತಗ್ಗಿನಲ್ಲಿ, ಒಬ್ಬನು ಇಳಿಯುವಷ್ಟೇ ಇಕ್ಕಟ್ಟಾಗಿ, ಆಳಕ್ಕೆ ತೋಡಿದ ಕುಳಿಗಳು. 1886ರಲ್ಲಿ ಡೇವಿಡ್ ಲಿಂಡ್ಸೆ ಎಂಬ ಮೋಜಣಿದಾರನು ಒಬ್ಬ ಮೂಲನಿವಾಸಿಯನ್ನು ಮುಂದಿಟ್ಟುಕೊಂಡು ಇಂಥ ಒಂಬತ್ತು ಬಾವಿಗಳನ್ನು ನೋಡಿ ಬಂದನು. 1900ರ ಹೊತ್ತಿಗೆ ವಾಂಗ್ಕಂಗುರುಗಳಲ್ಲಿ ಕೊನೆಯವರೂ ಮರುಭೂಮಿಯನ್ನು ಬಿಟ್ಟು ಅಂಚಿನ ನೆಲೆಗಳಿಗೆ ಹೊರಟುಹೋದರು. ಗ್ರೆಗರಿ ತನ್ನ ಗ್ರಂಥಕ್ಕೆ ಹೆಸರಿಟ್ಟುದು ಅದಾದ ಆರು ವರ್ಷಕ್ಕೆ.

ಮರುಭೂಮಿಯಿಂದ ಹಾಗೆ ಹೊರಬಂದ ಮಕ್ಕಳಲ್ಲಿ ಮಿಕ್ ಮ್ಯಾಕ್‌ಲೀನ್ ಇರಿನ್ಯಿಲಿ ಎಂಬಾತನೂ ಒಬ್ಬನು. ವೃದ್ಧಾಪ್ಯದಲ್ಲಿ ಆತನು ತನ್ನ ಭಾಷೆಯನ್ನೂ ಹಾಡುಗಳನ್ನೂ ಬಾವಿಗಳ ಹೆಸರುಗಳನ್ನೂ ಒಬ್ಬ ವಿದುಷಿಗೆ ಹೇಳಿ ಬರೆಯಿಸಿದನು. ಆಕೆ ಲೂಯಿಸ್ ಹರ್ಕಸ್. ಕ್ಯಾನ್‌ಬೆರದ ವಿಶ್ವವಿದ್ಯಾನಿಲಯದಲ್ಲಿ ಸಂಸ್ಕೃತವನ್ನು ಬೋಧಿಸುತ್ತಿದ್ದವರು. ಮುದುಕನು 1977ರಲ್ಲಿ ತೀರಿಕೊಂಡನು. 1980ರ ದಶಕದ ಮೊದಲಲ್ಲಿ ಹರ್ಕಸ್ ಮತ್ತು ಅವರ ಸಹೋದ್ಯೋಗಿಗಳು ಆ ಹೆಸರುಗಳನ್ನೂ ಲಿಂಡ್ಸೆಯ ಟಿಪ್ಪಣಿಯನ್ನೂ ಕೈಯಲ್ಲಿ ಹಿಡಿದು ದಿಣ್ಣೆಗಳ ನಡುವೆ ಹುಡುಕಿಕೊಂಡು ಹೋದರು. ಒಂಬತ್ತು ಬಾವಿಗಳೂ ಸಿಕ್ಕಿದುವು. ಮರಳು ತುಂಬಿ ಮುಚ್ಚಿದ್ದುವು, ಸುತ್ತಲೂ ಬೀಸುವ ಕಲ್ಲುಗಳು ಬಿದ್ದಿದ್ದುವು.